ಕೀಲಿಕೈ ಕಾಯುವ ಕೆಲಸ

ಗೋವಾದ ವಾಸ್ಕೋದಲ್ಲಿ ಬಿ.ಕಾಂ. ಮುಗಿಸಿದ ವರ್ಷ ನನಗೆ ಸಿಕ್ಕ ಕೆಲಸ ಫೋನ್ ಎತ್ತುವುದು. ಲಿಫ್ಟ್ ರಿಪೇರಿ ಮಾಡುವ ಸಣ್ಣ ಕಂಪನಿ ಅದು. ಊರಿನ ಅಪಾರ್ಟ್‌ಮೆಂಟುಗಳು, ಒಂದೆರಡು ನರ್ಸಿಂಗ್ ಹೋಮುಗಳು, ದಕ್ಷಿಣದ ಬೀಚಿನ ಕಡೆಯ ಕೆಲವು ಹೋಟೆಲುಗಳು, ಇವುಗಳಲ್ಲಿ ಎಲ್ಲೇ ಲಿಫ್ಟ್ ಕೆಟ್ಟರೂ ನನ್ನ ಮೇಜಿನ ಮೇಲಿನ ಫೋನ್ ಹೊಡೆದುಕೊಳ್ಳುತ್ತಿತ್ತು. ಎಲ್ಲಿ ನಿಂತಿದೆ, ಒಳಗೆ ಯಾರಾದರೂ ಸಿಕ್ಕಿಕೊಂಡಿದ್ದಾರಾ ಎಂದು ಕೇಳಿಕೊಂಡು, ಆ ಕಡೆಗೆ ಹತ್ತಿರ ಇರುವ ಟೆಕ್ನಿಶಿಯನ್‌ಗೆ ತಿಳಿಸಬೇಕು.

ನನ್ನನ್ನು ಆರಿಸಿದ್ದು ಮಾರ್ಕ್ಸ್ ನೋಡಿ ಅಲ್ಲ, ಭಾಷೆ ನೋಡಿ. ನಾನು ಹುಟ್ಟಿ ಬೆಳೆದದ್ದು ಅಲ್ಲೇ ಪಕ್ಕದ ಝುವಾರಿನಗರದಲ್ಲಿ. ಅಪ್ಪ ಬಂದರಿನಲ್ಲಿ ದಿನಗೂಲಿ, ಅವ್ವ ಒಂದು ಕ್ಯಾಂಟೀನಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಮನೆಯಲ್ಲಿ ವಿಜಯಪುರದ ಕನ್ನಡ, ಶಾಲೆಯಲ್ಲಿ ಕೊಂಕಣಿ ಮರಾಠಿ, ಬಸ್ಸಿನಲ್ಲಿ ಹಿಂದಿ. ಫ್ಲ್ಯಾಟಿನವರು ಕೊಂಕಣಿಯಲ್ಲಿ ಬೈದದ್ದನ್ನು ಬೈಗುಳ ಸೋಸಿ ಟೆಕ್ನಿಶಿಯನ್‌ಗಳಿಗೆ ಕನ್ನಡದಲ್ಲಿ ಹೇಳುವುದು ನನಗೆ ಬರುತ್ತಿತ್ತು. ನಮ್ಮ ಟೆಕ್ನಿಶಿಯನ್‌ಗಳಲ್ಲಿ ಹೆಚ್ಚಿನವರು ನಮ್ಮ ಕಡೆಯವರೇ.

ಕಂಪನಿಯ ಮಾಲಕರು ಗೋವೆಯ ಕ್ರಿಶ್ಚಿಯನ್ ಒಬ್ಬರು. ಬಹಳ ವರ್ಷ ಹಡಗುಗಳಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರ್ ಆಗಿದ್ದು, ಸಮುದ್ರ ಸಾಕೆನಿಸಿ ಊರಿಗೆ ಬಂದು ಈ ಕಂಪನಿ ತೆರೆದಿದ್ದರು. ಧಣಿಗೆ ಕೊಂಕಣಿಯಲ್ಲಿ ಪಾತ್ರಾಂವ್ ಅನ್ನುತ್ತಾರೆ. ಕೆಲಸದವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು. ಮಧ್ಯಾಹ್ನ ಮೀನುಸಾರು ಅನ್ನ ಉಂಡು ಒಂದು ನಿದ್ದೆ ತೆಗೆಯದಿದ್ದರೆ ಅವರಿಗೆ ದಿನವೇ ಆಗುತ್ತಿರಲಿಲ್ಲ. ಆ ಹೊತ್ತಿನಲ್ಲಿ ಕೆಟ್ಟ ಲಿಫ್ಟುಗಳು ಅವರ ಲೆಕ್ಕದಲ್ಲಿ ಅವರ ಮೇಲಿನ ಹಗೆಯಿಂದಲೇ ಕೆಟ್ಟವು. ನನ್ನೊಡನೆ ಕೊಂಕಣಿಯಲ್ಲೂ ಉಳಿದವರೊಡನೆ ಹಿಂದಿಯಲ್ಲೂ ಮಾತಾಡುತ್ತಿದ್ದರು. ಅವರ ಮಾತನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಟೆಕ್ನಿಶಿಯನ್‌ಗಳಲ್ಲಿ ಹಿರಿಯರು ಸಿಂದಗಿ ಕಡೆಯವರೊಬ್ಬರು. ಕಟ್ಟಡದ ಕೆಲಸಕ್ಕೆಂದು ಗೋವಾಕ್ಕೆ ಬಂದು, ಲಿಫ್ಟ್ ಕೂರಿಸುವವರಿಗೆ ಸಾಮಾನು ಹೊರುತ್ತ, ನೋಡುತ್ತ ಕಲಿತವರು. ನಾವೆಲ್ಲ ಅವರನ್ನು ಕಾಕಾ ಅನ್ನುತ್ತಿದ್ದೆವು.

ಲಿಫ್ಟಿನ ಬಗ್ಗೆ ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಪ್ರತಿ ಮಹಡಿಯ ಬಾಗಿಲಿಗೂ ಒಂದು ಲಾಕ್ ಇರುತ್ತದೆ, ಅದರೊಳಗೆ ಒಂದು ಸಣ್ಣ ಸ್ವಿಚ್ಚು. ಲಿಫ್ಟ್ ಆ ಮಹಡಿಯಲ್ಲಿ ಇಲ್ಲದಾಗ ಬಾಗಿಲು ತೆರೆಯದಂತೆ ಹಿಡಿಯುವುದೂ ಆ ಲಾಕೇ. ಬಾಗಿಲು ಪೂರ್ತಿ ಮುಚ್ಚಿದರೆ ಮಾತ್ರ ಕರೆಂಟ್ ಹರಿದು ಲಿಫ್ಟ್ ಅಲುಗುತ್ತದೆ. ಈ ಲಾಕ್ ಸವೆದರೆ, ಬಾಗಿಲು ಮುಚ್ಚಿದ್ದರೂ ಲಿಫ್ಟಿಗೆ ಗೊತ್ತಾಗುವುದಿಲ್ಲ, ನಿಂತುಬಿಡುತ್ತದೆ. ಆಗ ಲಾಕ್ ಬದಲಿಸಬೇಕು. ಹೊಸ ಲಾಕ್ ಕೈಯಲ್ಲಿಲ್ಲದಿದ್ದರೆ ಒಂದು ಅಡ್ಡದಾರಿ ಇದೆ. ಸ್ವಿಚ್ಚಿನ ಎರಡು ತುದಿಗೆ ಒಂದು ಗೇಣು ವೈರ್ ಸುತ್ತಿದರೆ ಲಿಫ್ಟ್ ಓಡತೊಡಗುತ್ತದೆ. ಆದರೆ ಆ ಮೇಲೆ ಬಾಗಿಲು ಹಾಕಿದೆಯೋ ತೆರೆದಿದೆಯೋ ಅದಕ್ಕೆ ತಿಳಿಯದು. ಇದಕ್ಕೆ ಜಂಪರ್ ಅನ್ನುತ್ತಾರೆ. ತಪ್ಪೆಂದು ಎಲ್ಲರಿಗೂ ಗೊತ್ತು, ಎಲ್ಲ ಕಂಪನಿಯವರೂ ಹಾಕುತ್ತಿದ್ದರು. ಒಂದೆರಡು ದಿನದ ಮಟ್ಟಿಗೆ ಎನ್ನುತ್ತಿದ್ದರು.

ನಾನು ಸೇರಿದ ಮೊದಲ ಮಳೆಗಾಲದಲ್ಲಿ ದಾಬೋಳಿ ಕಡೆಯ ಹಳೆಯ ಅಪಾರ್ಟ್‌ಮೆಂಟ್ ಒಂದರಲ್ಲಿ ಮೊದಲನೇ ಮಹಡಿಯ ಲಾಕ್ ಸವೆದು ಲಿಫ್ಟ್ ನಿಂತಿತು. ಸೊಸೈಟಿಯ ಚೇರ್ಮನ್ನರು ಬೆಳಗಿನಿಂದ ಫೋನ್ ಮಾಡಿ ಮಾಡಿ ನನ್ನ ಕಿವಿ ಕಾಯಿಸಿದರು. ಲಾಕ್ ಮುಂಬೈಯಿಂದ ಬರಬೇಕಿತ್ತು. ಕಾಕಾ ಅಲ್ಲಿಂದಲೇ ಪಾತ್ರಾಂವರಿಗೆ ಫೋನ್ ಮಾಡಿ ಏನು ಮಾಡಲಿ ಎಂದು ಕೇಳಿದರು. ಪಾತ್ರಾಂವ್ ನನ್ನ ಎದುರಿಗೇ ಕೂತಿದ್ದರು. ಸದ್ಯಕ್ಕೆ ವೈರ್ ಹಾಕು, ಸಾಮಾನು ಬಂದೊಡನೆ ತೆಗೆಯೋಣ ಎಂದು ಹಿಂದಿಯಲ್ಲಿ ಹೇಳಿ ಫೋನಿಟ್ಟರು.

ಮಳೆಗೆ ಘಾಟಿನ ದಾರಿ ಕಟ್ಟಿ ಸಾಮಾನಿನ ಲಾರಿ ತಡವಾಯಿತು. ಅಷ್ಟರಲ್ಲಿ ಒಂದು ಬೆಳಿಗ್ಗೆ ಆ ಕಟ್ಟಡದಲ್ಲಿ ಮನೆಗೆಲಸ ಮಾಡುವ ಹೆಂಗಸೊಬ್ಬಳು ಒಗೆದ ಬಟ್ಟೆಯ ಬಕೀಟು ಹಿಡಿದು ಮೊದಲನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ಎಳೆದಳು. ಅದಕ್ಕಿಂತ ಮುಂಚೆ ಯಾರೋ ಆ ಬಾಗಿಲನ್ನು ಸರಿಯಾಗಿ ಹಾಕದೆ ಹೋಗಿದ್ದರು, ವೈರ್ ಇದ್ದ ಕಾರಣ ಲಿಫ್ಟ್ ಹಾಗೇ ಮೇಲೆ ಹೋಗಿತ್ತು. ಬಾಗಿಲು ತೆರೆಯಿತು. ಲಿಫ್ಟ್ ಇದೆ ಎಂದುಕೊಂಡು ಕಾಲಿಟ್ಟವಳು ಕೆಳಗಿನ ಗುಂಡಿಗೆ ಬಿದ್ದಳು. ತೊಡೆಯ ಎಲುಬು ಮುರಿಯಿತು, ಒಂದು ಮಣಿಕಟ್ಟೂ ಹೋಯಿತು.

ಅವಳು ಝುವಾರಿನಗರದವಳು, ನಮ್ಮ ಓಣಿಯ ಹಿಂದಿನ ಓಣಿ. ಬಾದಾಮಿ ಕಡೆಯವಳು. ಸಂತೆಗೆ ಅವ್ವನ ಜೊತೆ ಹೋಗುತ್ತಿದ್ದಳು, ನಾನು ಚಿಗವ್ವ ಅನ್ನುತ್ತಿದ್ದೆ. ನನಗೆ ಸುದ್ದಿ ಗೊತ್ತಾದದ್ದು ಆಫೀಸಿನ ಫೋನಿನಿಂದ, ಯಾರೆಂದು ಗೊತ್ತಾದದ್ದು ಅವ್ವನ ಫೋನಿನಿಂದ. ಎರಡರ ನಡುವೆ ಒಂದು ಚಹಾ ಕುಡಿಯುವಷ್ಟೂ ಹೊತ್ತು ಇರಲಿಲ್ಲ.

ಮರುದಿನ ಪಾತ್ರಾಂವರ ಸಂಬಂಧಿಕರಾದ ಒಬ್ಬ ವಕೀಲರು ಆಫೀಸಿಗೆ ಬಂದರು. ಅವರ ಸಲಹೆ ಸರಳವಾಗಿತ್ತು. ವೈರ್ ಹಾಕಿದ್ದು ಟೆಕ್ನಿಶಿಯನ್. ಯಾರನ್ನೂ ಕೇಳದೆ ಹಾಕಿದ ಎಂದು ಹೇಳಿದರೆ ಆಯಿತು. ಅವನು ಗುತ್ತಿಗೆಯವನು, ಇವತ್ತೇ ತೆಗೆದುಹಾಕಿ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಎಲ್ಲಿದೆ ಎಂದರು. ಸಾಕ್ಷಿ ಅಲ್ಲೇ ಮೂಲೆಯ ಮೇಜಿನ ಹಿಂದೆ ಕೂತಿತ್ತು, ಆದರೆ ಅವರು ನನ್ನ ಕಡೆ ನೋಡಲಿಲ್ಲ. ನಿನ್ನೆ ಮೊನ್ನೆ ಸೇರಿದ ಹುಡುಗಿ, ಬಾಯಿ ಬಿಡುವುದಿಲ್ಲ ಎಂದುಕೊಂಡಿರಬೇಕು. ಬಿಡುತ್ತಿದ್ದೆನೋ ಇಲ್ಲವೋ ನನಗೂ ಗೊತ್ತಿಲ್ಲ. ಆ ಪ್ರಸಂಗ ಬರಲಿಲ್ಲ.

ಪಾತ್ರಾಂವ್ ಕಾಕಾನನ್ನು ಕರೆಸಿದರು. ಕಾಕಾ ಬಂದವರೇ ಹತಾರಗಳ ಚೀಲವನ್ನು ಮೇಜಿನ ಮೇಲಿಟ್ಟು ನಿಂತರು. ರಾತ್ರಿ ನಿದ್ದೆ ಮಾಡಿರಲಿಲ್ಲವೆಂದು ಕಣ್ಣುಗಳೇ ಹೇಳುತ್ತಿದ್ದವು. ಹಿಂದಿ ಬರುತ್ತಿದ್ದರೂ ಅವತ್ತು ಅವರಿಗೆ ಕನ್ನಡವೇ ಬಂತು. ನನ್ನ ಕಡೆ ತಿರುಗಿ ಹೇಳಿದರು.

"ಯವ್ವಾ, ಕೆಲಸ ಬಿಡು ಅಂದ್ರ ಬಿಡ್ತೇನಿ ಅಂತ ಹೇಳು. ಪೊಲೀಸ್ರಿಗೆ ನನ್ನ ಹೆಸರು ಕೊಡೂಕಿಂತ ಮೊದಲ ಊರಿಗೊಂದು ಫೋನ್ ಮಾಡಾಕ ಬಿಡ್ರಿ ಅನ್ನು. ಇಲ್ಲಂದ್ರ ಪೇಪರಿನ್ಯಾಗ ಓದಿ ತಿಳ್ಕೋತಾರ."

ನಾನು ಅದನ್ನು ಕೊಂಕಣಿಯಲ್ಲಿ ಹೇಳಿದೆ. ಪಾತ್ರಾಂವ್ ವಕೀಲರಿಗೂ ಕೇಳುವಂತೆ ಅಂದರು.

"ಹಾಕು ಅಂದವನು ನಾನು. ಇವನ ಹೆಸರು ಯಾಕೆ ಕೊಡಲಿ?"

ವಕೀಲರು ಎದ್ದು ಹೋದರು. ಪಾತ್ರಾಂವ್ ಅಂದೇ ಸ್ಟೇಷನ್‌ಗೆ ಹೋಗಿ, ತಾವು ಹೇಳಿದ್ದರಿಂದಲೇ ವೈರ್ ಹಾಕಿದ್ದು ಎಂದು ಬರೆದುಕೊಟ್ಟು ಬಂದರು. ಕೇಸಾಯಿತು, ವರ್ಷಗಟ್ಟಲೆ ಕೋರ್ಟಿಗೆ ಅಲೆದರು, ದಂಡ ಕಟ್ಟಿದರು. ಕೋರ್ಟಿನ ದಿನ ಮಧ್ಯಾಹ್ನದ ನಿದ್ದೆ ಹೋಗುತ್ತಿತ್ತಲ್ಲ, ಅದರ ಬಗ್ಗೆ ಮಾತ್ರ ಗೊಣಗುತ್ತಿದ್ದರು.

ಅವರು ಚಿಗವ್ವನನ್ನು ನೋಡಲು ಬಾಂಬೋಳಿಯ ಆಸ್ಪತ್ರೆಗೆ ಹೋದಾಗ ಮಾತಿಗೆ ನೆರವಾಗಲೆಂದು ನನ್ನನ್ನೂ ಕರೆದುಕೊಂಡು ಹೋದರು. ಕಾಲಿಗೆ ಭಾರ ಕಟ್ಟಿ ಮಲಗಿಸಿದ್ದರು. ಪಾತ್ರಾಂವ್ ತಾವು ಯಾರೆಂದು ಹೇಳಿ, ತಪ್ಪು ತಮ್ಮದೆಂದು ಹೇಳಿ, ಔಷಧದ ಖರ್ಚೂ ನಡೆಯುವ ತನಕದ ಪಗಾರವೂ ತಮ್ಮದು ಅಂದರು. ನಾನು ಒಂದೊಂದನ್ನೇ ಕನ್ನಡ ಮಾಡಿದೆ. ಅವಳು ಅವರ ಮುಖ ನೋಡಲಿಲ್ಲ. ನನಗೆ ಅಂದಳು:

"ಅವ್ರು ಹೇಳೂದು ಹೇಳ್ಲಿ. ನಾ ಹಿಡಿದ ಮನಿಗೋಳಿಗೆ ನಾಳಿಗೇ ಬ್ಯಾರೆದಾಕಿ ಬರ್ತಾಳ. ಕಾಲು ನೆಟ್ಟಗಾದ ಮ್ಯಾಲ ಆ ಮನಿಗೋಳು ನನಗ ತಿರುಗಿ ಕೊಡಸ್ತಾರೇನು, ಕೇಳು."

ಇದನ್ನೂ ಹೇಳಿದೆ. ಆ ಮನೆಗಳನ್ನು ತಿರುಗಿ ಕೊಡಿಸುವುದು ಪಾತ್ರಾಂವರ ಕೈಯಲ್ಲಿರಲಿಲ್ಲ. ಕೊಟ್ಟ ಮಾತಿನಂತೆ ಅವರು ಖರ್ಚು, ಪಗಾರ ಎಲ್ಲ ಕೊಟ್ಟರು. ಚಿಗವ್ವ ತೆಗೆದುಕೊಂಡಳು. ಆಮೇಲೆ ಓಣಿಯಲ್ಲೇ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರಲು ಕೂತಳು. ಈಗಲೂ ಒಂದು ಕಾಲು ಎಳೆದೇ ನಡೆಯುತ್ತಾಳೆ. ಪಾತ್ರಾಂವರನ್ನು ಅವಳು ಕ್ಷಮಿಸಲಿಲ್ಲ. ಕ್ಷಮಿಸು ಎಂದು ಅವರೂ ಕೇಳಲಿಲ್ಲ.

ಅದಾದ ಮೇಲೆ ಒಂದು ಶನಿವಾರ ಪಾತ್ರಾಂವ್ ಎಲ್ಲರನ್ನೂ ಕೂಡಿಸಿದರು. ಭಾಷಣ ಮಾಡುವವರಲ್ಲ. ಇನ್ನು ಮೇಲೆ ಲಾಕ್ ಕೆಟ್ಟ ಲಿಫ್ಟಿಗೆ ವೈರ್ ಹಾಕುವಂತಿಲ್ಲ. ಟೆರೇಸಿನ ಮಷೀನ್ ರೂಮಿನಲ್ಲಿ ಮೇನ್ ಸ್ವಿಚ್ ಇಳಿಸಿ ಅದಕ್ಕೆ ಕೀಲಿ ಜಡಿಯಬೇಕು. ಕೀಲಿಕೈಯನ್ನು ಆಫೀಸಿಗೆ ತಂದು ಈ ಹುಡುಗಿಗೆ ಕೊಡಬೇಕು. ಹೊಸ ಸಾಮಾನನ್ನು ಕೈಯಲ್ಲಿ ಹಿಡಿದು ತೋರಿಸಿದವರಿಗೆ ಮಾತ್ರ ಅವಳು ಕೀಲಿಕೈ ತಿರುಗಿ ಕೊಡಬೇಕು. ನನ್ನ ಕಡೆ ತಿರುಗಿ ಮತ್ತೊಂದು ಮಾತು ಸೇರಿಸಿದರು: "ನಾನೇ ಕೇಳಿದರೂ ಕೊಡಬಾರದು, ಬಾಯ್." ಕೊಂಕಣಿಯಲ್ಲಿ ಬಾಯ್ ಅಂದರೆ ತಂಗಿ, ಮಗಳೇ ಅಂದ ಹಾಗೆ.

ನನ್ನ ಕುರ್ಚಿಯ ಹಿಂದಿನ ಗೋಡೆಗೆ ಕಾಕಾ ಒಂದು ಹಲಗೆ ಹೊಡೆದು ಅದಕ್ಕೆ ಮೊಳೆ ಬಡಿದುಕೊಟ್ಟರು. ಫೋನ್ ಎತ್ತುವ ಕೆಲಸದ ಜೊತೆ ನನಗೆ ಕೀಲಿಕೈ ಕಾಯುವ ಕೆಲಸವೂ ಬಂತು. ಪಗಾರ ಅಷ್ಟೇ ಇತ್ತು.

ನಿಯಮ ಮಾಡಿದೊಡನೆ ಜನ ಬದಲಾದರು ಎಂದೇನಿಲ್ಲ. ಕೆಲವು ದಿನಗಳಲ್ಲೇ ಮಡಗಾಂವ್ ಕಡೆಯ ಒಂದು ಕಟ್ಟಡದಲ್ಲಿ ನಮ್ಮವನೊಬ್ಬ ವೈರ್ ಹಾಕಿ ಬಂದದ್ದನ್ನು ಪಾತ್ರಾಂವ್ ಹೇಳದೆ ಕೇಳದೆ ಅಲ್ಲಿಗೆ ಹೋಗಿ ಹಿಡಿದರು. ಅವನು ಬಾಗಲಕೋಟೆಯವನು, ಒಳ್ಳೆಯ ಕೆಲಸಗಾರ. ಈಗ ಇವನ ಕಥೆ ಮುಗಿಯಿತು ಅಂದುಕೊಂಡೆ. ಪಾತ್ರಾಂವ್ ಅವನನ್ನು ಕೂರಿಸಿಕೊಂಡು ಯಾಕೆ ಹಾಕಿದೆ ಎಂದಷ್ಟೇ ಕೇಳಿದರು. ಅವನು ಹೇಳಿದ: ನಾಲ್ಕನೇ ಮಹಡಿಯಲ್ಲಿ ಒಬ್ಬ ಮುದುಕಿ ಇದ್ದಾಳೆ, ಡಯಾಲಿಸಿಸ್‌ಗೆ ಹೋಗಬೇಕು, ಲಾಕ್ ಬರುವ ತನಕ ಅವಳು ಕೆಳಗೆ ಇಳಿಯುವುದು ಹೇಗೆ?

ಅವನ ಮಾತು ಖರೆ ಇತ್ತು. ಅದನ್ನು ಪಾತ್ರಾಂವ್ ತಳ್ಳಿಹಾಕಲಿಲ್ಲ. ಬಯ್ಯಲೂ ಇಲ್ಲ. ಆ ವರ್ಷ ಅವರು ಕಾರು ಬದಲಿಸಬೇಕೆಂದಿದ್ದರು. ಅದನ್ನು ಕೈಬಿಟ್ಟು, ಗೋವಾದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಲಾಕುಗಳನ್ನೆಲ್ಲ ಒಟ್ಟಿಗೆ ತರಿಸಿ ಆಫೀಸಿನ ಹಿಂದಿನ ಕೋಣೆಯಲ್ಲಿ ತುಂಬಿದರು. ಅದರಿಂದ ದೊಡ್ಡ ಬದಲಾವಣೆ ಆಯಿತು. ಬೆಳಿಗ್ಗೆ ಲಿಫ್ಟ್ ನಿಂತರೆ ಮಧ್ಯಾಹ್ನದೊಳಗೆ ಹೊಸ ಲಾಕ್ ಬೀಳುತ್ತಿತ್ತು. ವೈರ್ ಹಾಕುವ ಪ್ರಸಂಗವೇ ಕಡಿಮೆಯಾಯಿತು. ನಮ್ಮ ಹುಡುಗರು ಒಂದು ವರ್ಷದಲ್ಲಿ ಒಳ್ಳೆಯವರಾದರು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅವರು ಮೊದಲೂ ಕೆಟ್ಟವರಾಗಿರಲಿಲ್ಲ. ಸರಿಯಾದದ್ದನ್ನು ಮಾಡಲು ಬೇಕಾದ ಸಾಮಾನು ಮೊದಲು ಕೈಯಲ್ಲಿರಲಿಲ್ಲ, ಈಗ ಇತ್ತು.

ಆದರೂ ಎಲ್ಲ ಲಿಫ್ಟಿನ ಸಾಮಾನೂ ನಮ್ಮಲ್ಲಿ ಇರುತ್ತಿರಲಿಲ್ಲ. ಬೀಚಿನ ಕಡೆಯ ಒಂದು ಹೋಟೆಲಿನಲ್ಲಿ ಪರದೇಶದ ಕಂಪನಿಯ ಲಿಫ್ಟ್ ಇತ್ತು, ಇಡೀ ಹೋಟೆಲಿಗೆ ಅದೊಂದೇ. ನಮ್ಮ ಗಿರಾಕಿಗಳಲ್ಲಿ ಎಲ್ಲಕ್ಕಿಂತ ದೊಡ್ಡವರು ಅವರು. ಡಿಸೆಂಬರಿನ ಸೀಸನ್ನಿನಲ್ಲಿ, ಮದುವೆಯ ದಿನವೇ ಅಲ್ಲಿ ಬಾಗಿಲಿನ ಲಾಕ್ ಕೆಟ್ಟಿತು. ಮದುವೆ ಮುಂಬೈಯವರದು, ಮಂಟಪ ಟೆರೇಸಿನ ಮೇಲೆ. ಕಾಕಾ ಬೆಳಿಗ್ಗೆ ಹೋಗಿ ನೋಡಿ, ಸಾಮಾನು ನಾಳೆಗಿಂತ ಮುಂಚೆ ಬರುವುದಿಲ್ಲವೆಂದು ತಿಳಿದು, ಕೀಲಿ ಜಡಿದು ಕೀಲಿಕೈ ತಂದು ನನಗೆ ಕೊಟ್ಟರು. ಕೊಡುವಾಗ, ಇವತ್ತು ನಿನಗ ಭಾಳ ಬೈಗುಳ ಬೀಳ್ತಾವ ನೋಡು ಅಂದರು.

ಬಿದ್ದವು. ಹೋಟೆಲಿನ ಮ್ಯಾನೇಜರ್ ಮೊದಲು ನನಗೆ, ಆಮೇಲೆ ಪಾತ್ರಾಂವರಿಗೆ ಫೋನ್ ಮಾಡಿದರು. ಮದುಮಗಳ ಅಜ್ಜಿ ಗಾಲಿಕುರ್ಚಿಯಲ್ಲಿದ್ದಾರೆ, ಅವರನ್ನು ಮೇಲೆ ಒಯ್ಯದೆ ಮುಹೂರ್ತ ಇಲ್ಲವೆಂದು ಮನೆಯವರು ಕೂತಿದ್ದಾರೆ. ಒಂದು ಸಂಜೆಯ ಮಾತು. ಲಿಫ್ಟಿನ ಬಾಗಿಲಲ್ಲಿ ಹೋಟೆಲಿನವರೇ ಇಬ್ಬರನ್ನು ನಿಲ್ಲಿಸುತ್ತೇವೆ. ಆಗದಿದ್ದರೆ ಮುಂದಿನ ವರ್ಷದ ಕಾಂಟ್ರಾಕ್ಟಿನ ಬಗ್ಗೆ ಯೋಚಿಸಬೇಕಾಗುತ್ತದೆ ಅಂದರು.

ಪಾತ್ರಾಂವ್ ತಮ್ಮ ಕೋಣೆಯಲ್ಲಿ ಆಚೆ ಈಚೆ ಓಡಾಡಿದರು. ಆಮೇಲೆ ಬಂದು ನನ್ನ ಮೇಜಿನ ಮುಂದೆ ನಿಂತು ಕೈ ಚಾಚಿದರು. "ಆ ಹೋಟೆಲಿನ ಕೀಲಿಕೈ ಕೊಡು."

ನನಗೆ ಭಯವಾಯಿತು. ಕೆಲಸ ಹೋಗುವ ಭಯವಲ್ಲ, ಅವರು ಅಂಥವರಲ್ಲ. ಅಷ್ಟು ದೊಡ್ಡವರಿಗೆ ಇಲ್ಲ ಅನ್ನುವ ಭಯ. ಎದ್ದು ನಿಂತೆ, ಕೀಲಿಕೈ ತೆಗೆಯಲಿಲ್ಲ.

"ಸರ್, ಸಾಮಾನು ಬಂದಿಲ್ಲ. ನೀವೇ ಕೇಳಿದರೂ ಕೊಡಬೇಡ ಅಂದಿದ್ದೀರಿ."

ಅವರು ಕೈ ಹಿಂದೆ ತೆಗೆದುಕೊಳ್ಳಲಿಲ್ಲ. ಕಾಕಾ ಚಹಾದ ಲೋಟ ಹಿಡಿದು ನೆಲ ನೋಡುತ್ತ ಕೂತಿದ್ದರು. ಕೊನೆಗೆ ಪಾತ್ರಾಂವ್ ನನ್ನ ಎದುರಿನ ಸ್ಟೂಲಿನ ಮೇಲೆ ಕೂತು, ಕನ್ನಡಕ ತೆಗೆದು ಮುಖ ಒರೆಸಿಕೊಂಡು, "ಗಾಲಿಕುರ್ಚಿ ಎಷ್ಟು ಭಾರ ಇರಬಹುದು?" ಎಂದು ಕಾಕಾನನ್ನು ಕೇಳಿದರು.

ಕೈ ಖಾಲಿ ಇದ್ದ ಟೆಕ್ನಿಶಿಯನ್‌ಗಳನ್ನೆಲ್ಲ ಕರೆದುಕೊಂಡು ಅವರೇ ಹೋಟೆಲಿಗೆ ಹೋದರು. ನಾನು ನೋಡಲಿಲ್ಲ, ಕಾಕಾ ಹೇಳಿದ್ದು. ಅಜ್ಜಿಯನ್ನು ಕುರ್ಚಿ ಸಮೇತ ಎತ್ತಿ ಟೆರೇಸಿಗೆ ಒಯ್ದರಂತೆ, ಊಟಕ್ಕೆ ಇಳಿಸಿದರಂತೆ, ಫೋಟೋಕ್ಕೆಂದು ಮತ್ತೆ ಮೇಲೆ ಒಯ್ದರಂತೆ. ಅಜ್ಜಿ ಮೆಟ್ಟಿಲು ಮೆಟ್ಟಿಲಿಗೂ ಗುಜರಾತಿಯಲ್ಲಿ ಏನೋ ಬೈಯುತ್ತಿದ್ದಳಂತೆ. ಪಾತ್ರಾಂವರೂ ಒಂದು ಗಾಲಿ ಹಿಡಿದಿದ್ದರು. ಆ ವಯಸ್ಸಿನಲ್ಲಿ ಬೇಡವಾಗಿತ್ತು. ವಾರವಿಡೀ ಬೆನ್ನಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ಆಫೀಸಿಗೆ ಬಂದರು.

ಇಷ್ಟು ಮಾಡಿದರೂ ಹೋಟೆಲಿನವರು ಮುಂದಿನ ವರ್ಷ ಬೇರೆ ಕಂಪನಿಗೆ ಹೋದರು. ಅದರ ಪೆಟ್ಟು ನಮಗೆಲ್ಲ ತಟ್ಟಿತು, ಆ ವರ್ಷ ಯಾರಿಗೂ ಪಗಾರ ಏರಲಿಲ್ಲ. ನಾನು ಕೀಲಿಕೈ ಕೊಡದಿದ್ದುದಕ್ಕೆ ಹೀಗಾಯಿತೆಂದು ಒಬ್ಬಿಬ್ಬರು ನನಗೆ ಕೇಳುವಂತೆ ಆಡಿಕೊಂಡದ್ದೂ ಉಂಟು. ಪಾತ್ರಾಂವ್ ಮಾತ್ರ ಆ ಸಂಜೆಯ ಬಗ್ಗೆ ಹೊಗಳಿ ಆಗಲಿ ತೆಗಳಿ ಆಗಲಿ ಒಂದು ಮಾತೂ ಆಡಲಿಲ್ಲ. ಆದರೆ ಹೊಸಬರು ಕೆಲಸಕ್ಕೆ ಸೇರಿದಾಗಲೆಲ್ಲ ಕಾಕಾ ಅವರಿಗೆ ನಿಯಮ ಓದಿ ಹೇಳುತ್ತಿರಲಿಲ್ಲ, ಅಜ್ಜಿಯನ್ನು ಹೊತ್ತ ಕಥೆ ಹೇಳುತ್ತಿದ್ದರು. ಕೇಳಿದವರು ನಗುತ್ತಿದ್ದರು. ವೈರ್ ಹಾಕುತ್ತಿರಲಿಲ್ಲ.

ಹೀಗೆ ಹಲವು ವರ್ಷ ನಡೆಯಿತು. ನನ್ನ ಮದುವೆಯಾಯಿತು, ಮಗಳು ಹುಟ್ಟಿದಳು. ಪಾತ್ರಾಂವರಿಗೆ ಹೃದಯದ ಆಪರೇಷನ್ ಆಯಿತು. ಡಾಕ್ಟರು ಕೆಲಸ ಬಿಡಿ ಅಂದರು. ಅವರು ಕಂಪನಿಯನ್ನು ಹೊರಗಿನ ಒಂದು ದೊಡ್ಡ ಕಂಪನಿಗೆ ಮಾರಿದರು, ನಮ್ಮೆಲ್ಲರ ಕೆಲಸ ಉಳಿಸಬೇಕೆಂಬ ಕರಾರಿನ ಮೇಲೆ.

ಹೊಸ ಕಂಪನಿ ಪುಣೆಯಿಂದ ಒಬ್ಬ ಮ್ಯಾನೇಜರ್‌ನನ್ನು ಕಳಿಸಿತು. ನನಗಿಂತ ಚಿಕ್ಕವನು, ಸಭ್ಯ, ಎಲ್ಲರಿಗೂ ಮೊದಲು ತಾನೇ ನಮಸ್ಕಾರ ಹೇಳುವವನು. ಆಫೀಸಿಗೆ ಏಸಿ ಬಂತು, ಎಲ್ಲರಿಗೂ ಪಿಎಫ್ ಬಂತು. ಕಂಪನಿಯ ಮೌಲ್ಯಗಳೆಂದು ಗೋಡೆಗೆ ಚಂದದ ಪೋಸ್ಟರ್ ಬಂತು. ಅದಕ್ಕೆ ಜಾಗ ಬೇಕಿತ್ತೆಂದು ಮೊಳೆಯ ಹಲಗೆ ತೆಗೆದರು. ಕೀಲಿಕೈ ಇನ್ನು ಮೇಲೆ ಟೆಕ್ನಿಶಿಯನ್ ಹತ್ತಿರವೇ ಇರಲಿ ಅಂದರು. ಹಿಂದಿನ ಕೋಣೆಯ ಸಾಮಾನು ಪುಣೆಯ ಗೋದಾಮಿಗೆ ಹೋಯಿತು. ಎಲ್ಲ ರಾಜ್ಯದ ಸಾಮಾನೂ ಒಂದೇ ಕಡೆ ಇದ್ದರೆ ಖರ್ಚು ಕಡಿಮೆಯಂತೆ. ಜೊತೆಗೆ ಪ್ರತಿ ದೂರನ್ನೂ ಇಷ್ಟು ತಾಸಿನೊಳಗೆ ಮುಗಿಸಬೇಕೆಂಬ ಗುರಿ. ಯಾರು ತಡಮಾಡಿದರೋ ಅವರ ಹೆಸರು ಟಿವಿಯಂಥ ಒಂದು ಪರದೆಯ ಮೇಲೆ ಕೆಂಪಗೆ ಬರುತ್ತಿತ್ತು.

ಇದರ ಜೊತೆ ನೈತಿಕತೆಯ ತರಬೇತಿ ಎಂದೊಂದು ಬಂತು. ಕಂಪ್ಯೂಟರಿನಲ್ಲಿ ವಿಡಿಯೋ ನೋಡಿ, ಕೊನೆಗೆ ಪ್ರಶ್ನೆಗಳಿಗೆ ಉತ್ತರ ಒತ್ತಿದರೆ ಸರ್ಟಿಫಿಕೇಟ್ ಸಿಗುತ್ತದೆ. ಎಲ್ಲ ಇಂಗ್ಲಿಷಿನಲ್ಲಿ. ನಮ್ಮ ಹುಡುಗರಿಗೆ ಹೇಗೂ ಬರುವುದಿಲ್ಲ, ವಾರದ ಕೊನೆಗೆ ಮುಗಿಯಬೇಕು, ನೀವೇ ಕೂತು ಎಲ್ಲರದನ್ನೂ ಒತ್ತಿಬಿಡಿ ಮ್ಯಾಡಮ್ ಎಂದ ಮ್ಯಾನೇಜರ್. ಬೇರೆ ಬ್ರಾಂಚುಗಳಲ್ಲಿ ಹಾಗೇ ಮಾಡುತ್ತಾರಂತೆ. ಪ್ರಾಮಾಣಿಕತೆಯ ಪರೀಕ್ಷೆಯನ್ನು ಕಾಪಿ ಹೊಡೆದು ಪಾಸಾಗುವುದು ಹೇಗೆ ಸರ್ ಎಂದು ಕೇಳಿದೆ. ಅವನಿಗೂ ನಗು ಬಂತು. ಬೇಕಾದರೆ ನೀವೇ ಓದಿ ಹೇಳಿ ಅಂದ.

ಒಂದು ಮಧ್ಯಾಹ್ನ ಎಲ್ಲರನ್ನೂ ಕೂರಿಸಿ ಒಂದೊಂದು ಪ್ರಶ್ನೆಯನ್ನೂ ಕನ್ನಡ ಮಾಡಿ ಹೇಳಿದೆ. ಗ್ರಾಹಕರು ಉಡುಗೊರೆ ಕೊಟ್ಟರೆ ತೆಗೆದುಕೊಳ್ಳಬಹುದೇ ಎಂಬಲ್ಲಿ ದೊಡ್ಡ ಜಗಳ ಬಿತ್ತು. ಚೌತಿಗೆ ಮನೆಯವರು ತಟ್ಟೆ ತುಂಬ ನೇವ್ರಿ, ಅಂದರೆ ನಮ್ಮ ಕರಿಗಡುಬು, ಕೊಡುತ್ತಾರೆ, ಕ್ರಿಸ್‌ಮಸ್ಸಿಗೆ ತೆಂಗಿನಹಾಲು ಬೆಲ್ಲದ ದೊದೋಲ್ ಕೊಡುತ್ತಾರೆ. ಬೇಡ ಅಂದರೆ ಅವರಿಗೆ ಬೇಸರ, ತಿಂದರೆ ಲಂಚವೇ? ಅಲ್ಲೇ ನಿಂತು ತಿಂದರೆ ಅಲ್ಲ, ಮನೆಗೆ ಒಯ್ದರೆ ಹೌದು ಎಂದು ಬಾಗಲಕೋಟೆಯವನು ತೀರ್ಮಾನ ಕೊಟ್ಟ. ಮೇಲಿನವರು ತಪ್ಪು ಕೆಲಸ ಹೇಳಿದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಯೂ ಇತ್ತು. ಹೆಲ್ಪ್‌ಲೈನಿಗೆ ಫೋನ್ ಮಾಡುತ್ತೇನೆ ಅನ್ನುವುದು ಸರಿ ಉತ್ತರ. ಹಾಗೇ ಒತ್ತಿದೆವು. ಎಲ್ಲರೂ ಪಾಸಾದರು.

ಮಳೆಗಾಲ ಹಿಡಿದ ಮೇಲೆ ವೈರ್ ತಿರುಗಿ ಬಂತು. ಹೊಸದಾಗಿ ಸೇರಿದ್ದ ಡಿಚೋಲಿಯ ಒಬ್ಬ ಟೆಕ್ನಿಶಿಯನ್ ಚಿಂಬಲ್‌ನ ಒಂದು ಕಟ್ಟಡದಲ್ಲಿ ಹಾಕಿ ಬಂದು, ತಾನೇ ನನಗೆ ಹೇಳಿದ. ಪುಣೆಯಿಂದ ಲಾಕ್ ಬರಲು ವಾರ ಬೇಕು, ಅಷ್ಟರ ತನಕ ಪರದೆಯ ಮೇಲೆ ನನ್ನ ಹೆಸರು ಕೆಂಪಗೆ ಇರಬೇಕೇನು ಅಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ಕಷ್ಟ, ಮಡಗಾಂವಿನಲ್ಲಿ ವೈರ್ ಹಾಕಿದ ನಮ್ಮ ಬಾಗಲಕೋಟೆಯವನ ಹಳೆಯ ಕಷ್ಟವೇ.

ನಾನು ಮೊದಲು ಅವನಿಗೆ, ಈಗಲೇ ಹೋಗಿ ವೈರ್ ಕಿತ್ತು ಕೀಲಿ ಹಾಕು, ಸೊಸೈಟಿಯವರಿಗೆ ಉತ್ತರ ನಾನು ಕೊಡುತ್ತೇನೆ ಎಂದು ಹೇಳಿ ಕಳಿಸಿದೆ. ಆಮೇಲೆ ಪರೀಕ್ಷೆಯಲ್ಲಿ ಒತ್ತಿದ ಉತ್ತರದಂತೆ ಹೆಲ್ಪ್‌ಲೈನಿಗೆ ಫೋನ್ ಮಾಡಿದೆ. ಒಬ್ಬಳು ಹುಡುಗಿ ಬಹಳ ಮರ್ಯಾದೆಯಿಂದ ಹಿಂದಿಯಲ್ಲಿ, ಯಾರ ಮೇಲೆ ದೂರು ಎಂದು ಕೇಳಿದಳು. ಯಾರ ಮೇಲೂ ಅಲ್ಲ, ಸಾಮಾನು ದೂರ ಇದೆ ಎಂಬುದೇ ದೂರು ಅಂದೆ. ಸ್ವಲ್ಪ ಹೊತ್ತು ಹುಡುಕಾಡಿ, ವ್ಯಕ್ತಿಯ ಹೆಸರಿಲ್ಲದಿದ್ದರೆ ಬರೆದುಕೊಳ್ಳಲು ಬರುವುದಿಲ್ಲ ಎಂದಳು. ಹೆಸರು ಕೊಟ್ಟರೆ ಡಿಚೋಲಿಯ ಹುಡುಗನದೇ ಕೊಡಬೇಕಿತ್ತು. ಫೋನಿಟ್ಟೆ.

ಕಾಕಾಗೆ ಹೇಳಿದೆ. ಅವರು ಆ ವರ್ಷ ನಿವೃತ್ತಿಯಾಗುವವರಿದ್ದರು. "ಕಾಗದದ ಮ್ಯಾಲ ತಿಳಿಯೂದಿಲ್ಲ ಯವ್ವಾ. ಮ್ಯಾನೇಜರ್‌ನ ಅಲ್ಲೇ ಕರ್ಕೊಂಡು ಹೋಗೂಣು," ಅಂದರು.

ಮ್ಯಾನೇಜರ್ ಬರಲು ಒಪ್ಪಿದ. ಚಿಂಬಲ್‌ನ ಆ ಕಟ್ಟಡದಲ್ಲಿ ಲಿಫ್ಟಿಗೆ ಕೀಲಿ ಬಿದ್ದಿತ್ತು, ಮೂರನೇ ಮಹಡಿಗೆ ಮೆಟ್ಟಿಲು ಹತ್ತಿಯೇ ಹೋದೆವು. ಲಿಫ್ಟ್ ಕೆಳಗಿತ್ತು. ಕಾಕಾ ಬಾಗಿಲಿನ ಮುಂದೆ ಅಡ್ಡ ಒಂದು ಹಗ್ಗ ಕಟ್ಟಿ, ನಮ್ಮನ್ನು ಹಿಂದೆ ನಿಲ್ಲಿಸಿ, ಸವೆದ ಲಾಕ್ ಇದ್ದ ಆ ಬಾಗಿಲನ್ನು ಕೈಯಿಂದ ಎಳೆದರು. ಅದು ಮನೆಯ ಕಪಾಟಿನಂತೆ ಸುಲಭವಾಗಿ ತೆರೆಯಿತು. ಒಳಗೆ ಕತ್ತಲೆ, ಗ್ರೀಸಿನ ವಾಸನೆ, ಕೆಳಗಿನಿಂದ ತಣ್ಣನೆಯ ಗಾಳಿ. ಅಷ್ಟರಲ್ಲಿ ಪಕ್ಕದ ಮನೆಯಿಂದ ಒಬ್ಬ ಹೆಂಗಸು ಕೂಸನ್ನು ಎತ್ತಿಕೊಂಡು ಬಂದು, ಲಿಫ್ಟ್ ಶುರುವಾಯಿತೇನ್ರಿ ಎಂದು ಕೇಳಿದಳು. ಕಾಕಾ ಬಾಗಿಲು ಹಾಕಿ, ಅದನ್ನು ಹಗ್ಗದಿಂದ ಬಿಗಿದು, ಇಲ್ಲ ತಂಗಿ, ಇನ್ನೂ ಇಲ್ಲ ಅಂದರು.

ಮ್ಯಾನೇಜರ್ ಗೋಡೆಗೆ ಆತುಕೊಂಡು ನಿಂತಿದ್ದ. ಅವನಿಗೆ ಎತ್ತರದ ಭಯವಿದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಕೆಳಗಿಳಿದ ಮೇಲೆ ಗೂಡಂಗಡಿಯಲ್ಲಿ ಸೋಡಾ ಕುಡಿದು, ಇಂಥದು ಇನ್ನೂ ಎಲ್ಲೆಲ್ಲಿ ಇದೆ ಎಂದು ಕೇಳಿದ. ಗೊತ್ತಿಲ್ಲ, ಗೊತ್ತಾಗದ ಹಾಗೆ ನಾವೇ ಮಾಡಿಕೊಂಡಿದ್ದೇವೆ ಎಂದೆ. ಕೀಲಿ ಹಾಕಿದರೆ ಹೆಸರು ಕೆಂಪಗಾಗುವುದಾದರೆ ಲಾಕ್ ಕೆಟ್ಟಿದೆ ಎಂದು ಯಾರು ಬಂದು ಹೇಳುತ್ತಾರೆ?

ಸಾಮಾನು ಗೋವಾದಲ್ಲೇ ಇರಲಿ, ಪರದೆಯೂ ತಾಸಿನ ಗುರಿಯೂ ಬೇಡ ಎಂದು ಅವನು ಪುಣೆಗೆ ಬರೆದ. ಆಗುವುದಿಲ್ಲವೆಂದು ಉತ್ತರ ಬಂತು. ಮತ್ತೆ ಬರೆದ, ಕೊನೆಗೆ ಸ್ವತಃ ಹೋಗಿ ಬಂದ. ಅಲ್ಲಿ ಏನೇನು ಮಾತಾಯಿತೋ ಹೇಳಲಿಲ್ಲ. ಆ ವರ್ಷ ಅವನಿಗೆ ಬರಬೇಕಿದ್ದ ಬಡ್ತಿ ಬರಲಿಲ್ಲ ಎಂಬುದು ಮಾತ್ರ ನನಗೆ ಗೊತ್ತು. ಕೇಳಿದ್ದೆಲ್ಲ ಸಿಗಲಿಲ್ಲ. ಪರದೆ ಹೋಗಲಿಲ್ಲ, ತಾಸಿನ ಗುರಿಯೂ ಹೋಗಲಿಲ್ಲ. ಆದರೆ ಸಾಮಾನಿಗಾಗಿ ಕೀಲಿ ಹಾಕಿದ ಲಿಫ್ಟನ್ನು ಗುರಿಯಿಂದ ಹೊರಗಿಟ್ಟರು. ಬಾಗಿಲಿನ ಲಾಕುಗಳನ್ನು ಮಾತ್ರ ಗೋವಾದಲ್ಲೇ ಇಟ್ಟುಕೊಳ್ಳಲು ಒಪ್ಪಿಗೆ ಸಿಕ್ಕಿತು. ಕೀಲಿಕೈ ಮತ್ತೆ ನನ್ನ ಹತ್ತಿರ ಬಂತು, ಈಗ ಕಬ್ಬಿಣದ ಪೆಟ್ಟಿಗೆಯಲ್ಲಿ. ಅದನ್ನು ಮ್ಯಾನೇಜರೂ ಕೇಳುವಂತಿಲ್ಲ ಎಂದು ಅವನೇ ಎಲ್ಲರ ಮುಂದೆ ಹೇಳಿದ. ಪಾತ್ರಾಂವ್ ಆ ಶನಿವಾರ ಆಡಿದ್ದ ಮಾತನ್ನು ಅವನಿಗೆ ಕಾಕಾ ಹೇಳಿದ್ದರೋ ಏನೋ, ನಾನು ಹೇಳಿರಲಿಲ್ಲ.

ಕಾಕಾ ಈಗ ಸಿಂದಗಿಯಲ್ಲಿದ್ದಾರೆ. ಪಾತ್ರಾಂವ್ ತೀರಿಕೊಂಡು ಕೆಲವು ವರ್ಷವಾಯಿತು. ಡಿಚೋಲಿಯ ಹುಡುಗ ಸೂಪರ್‌ವೈಸರ್ ಆಗಿದ್ದಾನೆ, ಈಗ ಅವನ ಕೈಕೆಳಗಿನವರು ಕೆಲವೊಮ್ಮೆ ವೈರ್ ಹಾಕಿ ಸಿಕ್ಕಿಬೀಳುತ್ತಾರೆ. ಇದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ ಎಂದು ನನಗೆ ಅರ್ಥವಾದದ್ದು ತಡವಾಗಿ. ಹೊಸಬರು ಬರುತ್ತಾರೆ, ಸೀಸನ್ ಬರುತ್ತದೆ, ಮಳೆ ಬರುತ್ತದೆ, ಪ್ರತಿ ಸಲವೂ ಯಾರೋ ಒಬ್ಬರು ಮೇಜಿನ ಮುಂದೆ ಬಂದು ಕೈ ಚಾಚುತ್ತಾರೆ. ಈಗ ನನಗೆ ಭಯ ಆಗುವುದಿಲ್ಲ. ಬೇಸರ ಮಾತ್ರ ಆಗುತ್ತದೆ.

ಮ್ಯಾನೇಜರ್‌ನನ್ನು ಹೋದ ವರ್ಷ ಕರಾವಳಿಯ ಇನ್ನೊಂದು ಊರಿನ ಬ್ರಾಂಚಿಗೆ ವರ್ಗ ಮಾಡಿದರು. ಹೋದ ಕೆಲವೇ ದಿನಕ್ಕೆ ಫೋನ್ ಮಾಡಿದ. ಕುಶಲ ಕೇಳಿ ಆದ ಮೇಲೆ, ಇಲ್ಲೂ ಲಾಕ್ ತರಿಸಿ ಇಡುತ್ತಿದ್ದೇನೆ, ಉಪ್ಪುಗಾಳಿಗೆ ಸ್ವಿಚ್ಚಿನ ಹಿತ್ತಾಳೆ ಹಸಿರುಗಟ್ಟುತ್ತಿದೆ, ನೀವು ಅಲ್ಲಿ ಹೇಗೆ ಇಡುತ್ತೀರಿ ಎಂದು ಕೇಳಿದ. ಗಟ್ಟಿ ಮುಚ್ಚಳದ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ, ಒಳಗೆ ಬಟ್ಟೆಯಲ್ಲಿ ಕಟ್ಟಿದ ಒಂದು ಹಿಡಿ ಹುರಿದ ಅಕ್ಕಿ ಇಡಿ, ತೇವವನ್ನು ಅದು ಹೀರಿಕೊಳ್ಳುತ್ತದೆ, ತಿಂಗಳಿಗೊಮ್ಮೆ ಅಕ್ಕಿ ಬದಲಿಸಿ ಅಂದೆ. ಬರೆದುಕೊಳ್ಳುತ್ತೇನೆ ತಡೆಯಿರಿ ಎಂದು ಪೆನ್ನು ಹುಡುಕಲು ಹೋದ.